ಏರ್ಕಾಡಿನ ಹಲ್ಲಿ, ಹೊಗೆನಕಲ್ಲಿನ ಮೊಸಳೆ: ಸೇಲಂ–ಧರ್ಮಪುರಿ ಸೀಮೆಯಲ್ಲಿ ಉರಗ ನೋಡುವವರಿಗೆ

ಸೇಲಂ ಪೇಟೆ ಇರುವುದು ಸಮುದ್ರಮಟ್ಟದಿಂದ ಸುಮಾರು 280 ಮೀಟರ್ ಎತ್ತರದಲ್ಲಿ. ಅಲ್ಲಿಂದ ಶೇರ್ವರಾಯನ್ ಬೆಟ್ಟದ 20 ಹೇರ್‌ಪಿನ್ ತಿರುವು ಹತ್ತಿ ಏರ್ಕಾಡು ತಲುಪುವಾಗ 1,500 ಮೀಟರ್‌ನ ಆಸುಪಾಸಿಗೆ ಬಂದಿರುತ್ತೀರಿ. ಕೆಳಗೆ ಜಾಲಿ, ಕಳ್ಳಿ, ಕಾದ ಬಂಡೆ. ಮೇಲೆ ಸಿಲ್ವರ್ ಓಕ್ ನೆರಳಿನ ಕಾಫಿ ತೋಟ, ಪಾಚಿಗಟ್ಟಿದ ಕಲ್ಲುಗೋಡೆ, ಮಂಜು. ನಡುವಿನ ದಾರಿ ಮೂವತ್ತು ಕಿಲೋಮೀಟರ್ ಇದ್ದೀತು. ಆ ಮೂವತ್ತು ಕಿಲೋಮೀಟರಿನಲ್ಲಿ ಹಾವು, ಹಲ್ಲಿ, ಓತಿಗಳ ಒಕ್ಕಲು ಪೂರಾ ಬದಲಾಗಿಬಿಡುತ್ತದೆ. ಉರಗಗಳನ್ನು ನೋಡಿ ಗುರುತಿಸಲು ಕಲಿಯುವವರಿಗೆ ಬೆಂಗಳೂರಿನಿಂದ ಬೆಳಗ್ಗೆ ಹೊರಟು ತಲುಪಬಹುದಾದ ಜಾಗಗಳಲ್ಲಿ ಇಷ್ಟು ಒಳ್ಳೆಯ ಶಾಲೆ ಇನ್ನೊಂದು ಸಿಕ್ಕೀತೇ ಎಂದು ನನಗೆ ಅನುಮಾನ.

ಆದರೂ ಪಶ್ಚಿಮ ಘಟ್ಟದ ಕಡೆಗೇ ಎಲ್ಲರ ಮುಖ. ಆಗುಂಬೆಯ ಕಾಳಿಂಗ, ಮಲೆನಾಡಿನ ಅಡಿಕೆ ಮರದ ಹಾರುವ ಓತಿ ಇವೇ ನಮ್ಮ ಕಲ್ಪನೆಯನ್ನು ತುಂಬಿಕೊಂಡಿವೆ. ತೇಜಸ್ವಿಯವರ ‘ಕರ್ವಾಲೊ’ ಓದಿ ಬೆಳೆದವರಿಗೆ ಅದು ಸಹಜ. ಹಾರುವ ಓತಿ ಹುಡುಕಿಕೊಂಡು ಏರ್ಕಾಡಿಗೆ ಬರಬೇಡಿ. ಇಲ್ಲಿರುವುದು ಪೂರ್ವಘಟ್ಟದ ಚೂರುಚೂರು ಬೆಟ್ಟಗಳು: ಸೇಲಂ ಕಡೆ ಶೇರ್ವರಾಯನ್, ಕಲ್ವರಾಯನ್, ಧರ್ಮಪುರಿ ಕಡೆ ಚಿತ್ತೇರಿ, ವತ್ತಲ್‌ಮಲೈ, ಪಡುವಲಲ್ಲಿ ಪೆನ್ನಾಗರಂ ದಾಟಿದರೆ ಕಾವೇರಿಯ ಕೊರಕಲು. ಬೆಟ್ಟಕ್ಕೂ ಬೆಟ್ಟಕ್ಕೂ ನಡುವೆ ಒಣ ಬಯಲು. ಎತ್ತರದ ತಂಪಿಗೆ ಒಗ್ಗಿಕೊಂಡ ಸಣ್ಣ ಪ್ರಾಣಿಗೆ ಆ ಬಯಲು ದಾಟುವುದು ಸಮುದ್ರ ದಾಟಿದ ಹಾಗೆ. ಹೀಗಾಗಿ ಒಂದು ಬೆಟ್ಟದ ಹಲ್ಲಿ ಪಕ್ಕದ ಬೆಟ್ಟದ ಹಲ್ಲಿಯಂತೆಯೇ ಕಂಡರೂ ಅದೇ ಆಗಿರಬೇಕೆಂದಿಲ್ಲ. ಇಲ್ಲಿ ಗುರುತಿಸುವ ಕೆಲಸ ಬಣ್ಣದಿಂದ ಶುರುವಾಗುವುದಿಲ್ಲ. ಯಾವ ಬೆಟ್ಟ, ಎಷ್ಟು ಎತ್ತರ, ಬಂಡೆಯೋ ಮರವೋ ಮಣ್ಣೋ, ಹಗಲೋ ಇರುಳೋ ಎಂಬಲ್ಲಿಂದ ಶುರುವಾಗುತ್ತದೆ.

ಹಲ್ಲಿಯ ಉದಾಹರಣೆಯನ್ನೇ ಹಿಡಿಯೋಣ. ಏರ್ಕಾಡಿನ ಬಂಡೆ, ಮರದ ಬೊಡ್ಡೆ, ಹಳೆಯ ಕಟ್ಟಡದ ಕಲ್ಲುಗೋಡೆಗಳ ಮೇಲೆ ಹಗಲು ಹೊತ್ತಿನಲ್ಲೇ ಓಡಾಡುವ ಬೆರಳುದ್ದದ ಹಲ್ಲಿಗಳಿವೆ. ಮನೆ ಹಲ್ಲಿಯ ಕಣ್ಣ ಪಾಪೆ ಬೆಳಕಿನಲ್ಲಿ ಸೀಳಿನಂತೆ ಲಂಬವಾಗಿರುತ್ತದೆ. ಇವುಗಳದ್ದು ದುಂಡಗೆ. ಮನೆ ಹಲ್ಲಿಯ ಬೆರಳಿಗೆ ಅಗಲವಾದ ಅಂಟುಪಟ್ಟಿ. ಇವುಗಳ ಬೆರಳು ಸಪೂರ, ತುದಿಯಲ್ಲಿ ಉಗುರು. ಇಷ್ಟನ್ನು ದುರ್ಬೀನಿನಲ್ಲಿ ಕಂಡುಕೊಂಡರೆ ನೀವು ನೆಮಾಸ್ಪಿಸ್ ಎಂಬ ಹಗಲು ಹಲ್ಲಿಗಳ ಕುಲದ ಮುಂದೆ ನಿಂತಿದ್ದೀರಿ ಎಂದರ್ಥ. ಈ ಕುಲದ ಒಂದಕ್ಕೆ 2000ದಲ್ಲಿ ಇಂದ್ರನೀಲ್ ದಾಸ್ ಮತ್ತು ಆರನ್ ಬಾವರ್ ಏರ್ಕಾಡಿನ ಹೆಸರನ್ನೇ ಇಟ್ಟರು, ನೆಮಾಸ್ಪಿಸ್ ಯರ್ಕಾಡೆನ್ಸಿಸ್. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಾಗ 2019ರಲ್ಲಿ ಇದೇ ಬೆಟ್ಟಸಾಲಿನಿಂದ ಇನ್ನೆರಡು ಹೊಸ ಬಗೆಗಳು ಹೊರಬಿದ್ದವು: ನೆಮಾಸ್ಪಿಸ್ ಶೆವರಾಯೆನ್ಸಿಸ್ ಮತ್ತು ನೆಮಾಸ್ಪಿಸ್ ಠಾಕ್ರೆಯಿ. ವಾರಾಂತ್ಯಕ್ಕೆ ಸಾವಿರಾರು ಜನ ಬಂದು ಹೋಗುವ ಗಿರಿಧಾಮ ಇದು! ಮೂರನ್ನೂ ಫೋಟೊ ನೋಡಿ ಬೇರ್ಪಡಿಸುವುದು ತಜ್ಞರಿಗೂ ಸುಲಭವಲ್ಲ. ಟಿಪ್ಪಣಿಯಲ್ಲಿ ‘ಹಗಲು ಹಲ್ಲಿ, ನೆಮಾಸ್ಪಿಸ್ ಕುಲ’ ಎಂದು ಬರೆದು ನಿಲ್ಲಿಸಿದರೆ ಅದು ಸೋಲಲ್ಲ, ಪ್ರಾಮಾಣಿಕತೆ.

ಇರುಳಿನ ಹಲ್ಲಿಗಳ ಕಥೆಯೂ ಇಂಥದೇ. 1870ರಲ್ಲಿ ರಿಚರ್ಡ್ ಹೆನ್ರಿ ಬೆಡ್ಡೋಮ್ ಶೇರ್ವರಾಯನ್ ಬೆಟ್ಟದಿಂದ ಸಪೂರ ಮೈಯ, ಬಾಲದಲ್ಲಿ ಕಿತ್ತಳೆ ಛಾಯೆಯ ಒಂದು ಪುಟ್ಟ ಹಲ್ಲಿಯನ್ನು ವರ್ಣಿಸಿದ. ಮದ್ರಾಸ್ ಸೈನ್ಯದಿಂದ ಅರಣ್ಯ ಇಲಾಖೆಗೆ ಬಂದು ಅದರ ಮುಖ್ಯಸ್ಥನಾದ ಈತ ದಕ್ಷಿಣದ ಬೆಟ್ಟಗಳನ್ನೆಲ್ಲ ಜಾಲಾಡಿದವನು. ನೂರೈವತ್ತು ವರ್ಷ ದಕ್ಷಿಣ ಭಾರತದಲ್ಲಿ ಆ ಚಹರೆಯ ಹಲ್ಲಿ ಎಲ್ಲಿ ಸಿಕ್ಕರೂ ಅದಕ್ಕೆ ಹೆಮಿಫಿಲೊಡ್ಯಾಕ್ಟಿಲಸ್ ಔರಾಂಟಿಯಾಕಸ್ ಎಂಬ ಒಂದೇ ಹೆಸರು. 2019ರಲ್ಲಿ ವಂಶವಾಹಿ ಹೋಲಿಸಿ ನೋಡಿದಾಗ ಕೊಲ್ಲಿಮಲೆಯದು ಬೇರೆ, ಬೆಂಗಳೂರಿನದು ಬೇರೆ ಎಂದು ಗೊತ್ತಾಯಿತು. ಬೆಂಗಳೂರಿನದಕ್ಕೆ ‘ಜ್ಞಾನ’ ಎಂದು ಹೆಸರಿಟ್ಟರು. ನಿಮ್ಮ ಮನೆಯ ಹಿತ್ತಲಲ್ಲಿ ಕಂಡದ್ದನ್ನೇ ಏರ್ಕಾಡಿನ ಲಾಡ್ಜಿನ ಗೋಡೆಯಲ್ಲೂ ಕಂಡೆ ಎನ್ನುವ ಮುಂಚೆ ಈ ಸಂಗತಿ ನೆನಪಿರಲಿ.

ಹಳೆಯ ಪುಸ್ತಕ ತಿರುವುವವರಿಗೆ ಒಂದು ಸೂಚನೆ. ಧರ್ಮಪುರಿ 1965ರವರೆಗೆ ಸೇಲಂ ಜಿಲ್ಲೆಯ ಭಾಗ. ನಾಮಕ್ಕಲ್ 1997ರಲ್ಲಿ ಸೇಲಂನಿಂದ ಬೇರೆಯಾಯಿತು, ಕೃಷ್ಣಗಿರಿ 2004ರಲ್ಲಿ ಧರ್ಮಪುರಿಯಿಂದ. ಆದ್ದರಿಂದ ‘ಸೇಲಂ ಜಿಲ್ಲೆ’ ಎಂದು ಹಳೆಯ ದಾಖಲೆ ಹೇಳಿದರೆ ಅದು ಹೊಸೂರಿನ ಬಾಗಿಲಿನಿಂದ ಕೊಲ್ಲಿಮಲೆಯ ನೆತ್ತಿಯವರೆಗೆ ಎಲ್ಲಿಯಾದರೂ ಆಗಬಹುದು. ಕೆನೆತ್ ಆಂಡರ್ಸನ್‌ನ ಬೇಟೆಯ ಕಥೆಗಳಲ್ಲಿ ಬರುವ ಸೇಲಂ ಕಾಡೂ ಈ ವಿಸ್ತಾರದ್ದೇ. ಪೆನ್ನಾಗರಂ, ಅಂಚೆಟ್ಟಿ ಎಂಬ ಹೆಸರುಗಳು ತೇಜಸ್ವಿಯವರ ‘ಕಾಡಿನ ಕಥೆಗಳು’ ಓದಿದ ಕನ್ನಡಿಗರಿಗೆ ಹೊಸವೇನಲ್ಲ.

ಹೊತ್ತು ಮತ್ತು ಹವೆಯ ಮಾತಿಗೆ ಬರೋಣ. ಏಪ್ರಿಲ್‌ನಲ್ಲಿ ಧರ್ಮಪುರಿಯ ಬಯಲು ಕೆಂಡ. ಹತ್ತೂವರೆ ದಾಟಿದರೆ ಬಂಡೆಯ ಮೇಲೆ ಯಾವ ಓತಿಯೂ ನಿಲ್ಲುವುದಿಲ್ಲ. ಬೆಳಗ್ಗೆ ಎಂಟರಿಂದ ಹತ್ತು, ಸಂಜೆ ನಾಲ್ಕರಿಂದ ಆರು ಒಳ್ಳೆಯ ಹೊತ್ತು. ಡಿಸೆಂಬರ್, ಜನವರಿಯಲ್ಲಿ ಲೆಕ್ಕ ತಿರುವುಮುರುವು: ಬಿಸಿಲು ಏರಿದ ಮೇಲೆಯೇ ಅವು ಹೊರಬರುವುದು. ಮುಂಗಾರಿಗೆ ಮುಂಚಿನ ಗುಡುಗು ಮಳೆ ಬಿದ್ದ ಮಾರನೇ ದಿನ, ಮತ್ತೆ ಅಕ್ಟೋಬರ್–ನವೆಂಬರ್‌ನ ಹಿಂಗಾರಿನ ಬಿಡುವುಗಳು ಇಡೀ ವರ್ಷದ ಸುಗ್ಗಿ. ಒಂದೇ ಸಲ ಹೋಗುವುದಾದರೆ ಆಗ ಹೋಗಿ.

ಮೊದಲು ಬಂಡೆ ಓತಿಯನ್ನು ನೋಡಿ. ತೊಪ್ಪೂರು ಘಾಟಿಯ ಸುತ್ತಮುತ್ತ, ಪೆನ್ನಾಗರಂನಿಂದ ಹೊಗೆನಕಲ್ಲಿಗೆ ಇಳಿಯುವ ದಾರಿಯಲ್ಲಿ, ಒಟ್ಟಿನಲ್ಲಿ ಗ್ರಾನೈಟ್ ಬಂಡೆ ಬಿಸಿಲಿಗೆ ಬಿದ್ದಿರುವ ಕಡೆಯಲ್ಲೆಲ್ಲ ಇದು ಇದೆ. ಹೆಣ್ಣು, ಮರಿಗಳದು ಬಂಡೆಯದೇ ಬಣ್ಣ. ಅಲುಗಿದರೆ ಮಾತ್ರ ಕಾಣುತ್ತದೆ. ಗಂಡು ಬೆದೆಯ ಕಾಲದಲ್ಲಿ ಬೇರೆಯೇ. ಹೆಣ್ಣಿನ ಮುಂದೆ ಬೆನ್ನು ಕೆಂಪು, ಪಕ್ಕೆ ಕಪ್ಪು. ಇನ್ನೊಂದು ಗಂಡು ಎದುರಾದರೆ ಕೆಲವೇ ಸೆಕೆಂಡುಗಳಲ್ಲಿ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮರಿಯಾ ಠಾಕರ್ ಅವರ ತಂಡ ಈ ಬಣ್ಣದಾಟವನ್ನು ಅಳೆದು ತೋರಿಸಿದೆ. ನಿಮಗೆ ಬೇಕಾದ ಪಾಠ ಇಲ್ಲಿದೆ: ಒಂದೇ ಪ್ರಾಣಿ ಒಂದೇ ನಿಮಿಷದಲ್ಲಿ ಎರಡು ಬಣ್ಣ ತೋರಿಸುವಾಗ ಬಣ್ಣದ ಮೇಲೆ ಕಟ್ಟಿದ ಗುರುತು ಎಷ್ಟು ದಿನ ನಿಂತೀತು? ಚಪ್ಪಟೆ ಮೈ, ಚಪ್ಪಟೆ ತಲೆ, ಬಂಡೆಯನ್ನು ಅವಚಿಕೊಂಡ ಭಂಗಿ ನೋಡಿ ಗುರುತಿಸಿ. ಬೇಲಿಯ ಮೇಲಿನ ಸಾಮಾನ್ಯ ಓತಿಕ್ಯಾತನಿಗಾದರೆ ಬೆನ್ನಿನುದ್ದಕ್ಕೂ ಮುಳ್ಳಿನ ಸಾಲಿದೆ, ಬಂಡೆ ಓತಿಗೆ ಆ ಸಾಲಿಲ್ಲ.

ಗೋಸುಂಬೆ ಕಾಣಸಿಗುವುದು ಅದೃಷ್ಟದ ಮೇಲೆ. ಜಗತ್ತಿನ ಇನ್ನೂರಕ್ಕೂ ಹೆಚ್ಚು ಬಗೆಯ ಗೋಸುಂಬೆಗಳಲ್ಲಿ ಬಹುಪಾಲು ಆಫ್ರಿಕಾ ಮತ್ತು ಮಡಗಾಸ್ಕರ್‌ನವು. ಅಲ್ಲಿನ ಮಳೆಕಾಡಿಗೆ ಹೋದವರು ರಾತ್ರಿ ಟಾರ್ಚ್ ಹಿಡಿದು ಎಲೆಯ ತುದಿಯಲ್ಲಿ ಮಲಗಿದ ಗೋಸುಂಬೆಗಳನ್ನು ಎಣಿಸುತ್ತಾರೆ. ನಿದ್ದೆಯಲ್ಲಿ ಅವು ಬಿಳಿಚಿಕೊಂಡು ಬೆಳಕಿಗೆ ಎದ್ದು ಕಾಣುತ್ತವೆ. ನಮ್ಮ ದೇಶಕ್ಕೆ ದಕ್ಕಿರುವುದು ಒಂದೇ ಬಗೆ. ಅದು ಈ ಒಣ ಕುರುಚಲಿನಲ್ಲಿದೆ, ಟಾರ್ಚಿನ ಉಪಾಯ ಇಲ್ಲಿಯೂ ನಡೆಯುತ್ತದೆ. ಆದರೆ ರಾತ್ರಿ ಕಾಡಿಗೆ ಕಾಲಿಡುವ ಹಾಗಿಲ್ಲ. ಉಳಿದುಕೊಂಡ ತೋಟದ ಬೇಲಿ, ಹಳ್ಳಿಯ ದಾರಿಬದಿಯ ಪೊದೆ ಸಾಕು.

ಊರಿನವರನ್ನು ಕೇಳುವುದು ಎಲ್ಲಕ್ಕಿಂತ ಬೇಗ ಫಲ ಕೊಡುವ ದಾರಿ. ಧರ್ಮಪುರಿಯ ಪಡುವಣ ಹಳ್ಳಿಗಳಲ್ಲಿ, ಸೇಲಂನ ನೇಕಾರ ದೇವಾಂಗದವರ ಮನೆಗಳಲ್ಲಿ ಕನ್ನಡ ಕಿವಿಗೆ ಬೀಳುತ್ತದೆ. ಶೇರ್ವರಾಯನ್, ಚಿತ್ತೇರಿ ಬೆಟ್ಟಗಳ ಮಲೆಯಾಳಿ ಬುಡಕಟ್ಟಿನವರು ಆಡುವುದು ತಮಿಳು. ಕೇರಳಕ್ಕೂ ಇವರಿಗೂ ಸಂಬಂಧ ಕಟ್ಟಬೇಡಿ. ಅವರೊಂದಿಗೆ ಮಾತಾಡಲು ಕೆಲವು ಹೆಸರು ಗೊತ್ತಿರಲಿ. ನಾಗರಹಾವಿಗೆ ನಲ್ಲ ಪಾಂಬು, ಕೊಳಕುಮಂಡಲಕ್ಕೆ ಕಣ್ಣಾಡಿ ವಿರಿಯನ್, ಕಟ್ಟುಹಾವಿಗೆ ಕಟ್ಟು ವಿರಿಯನ್, ಗರಗಸ ಮಂಡಲಕ್ಕೆ ಸುರುಟ್ಟೈ ವಿರಿಯನ್. ಕೇರೆ ಅವರಿಗೆ ಸಾರೈ, ಹೆಬ್ಬಾವು ಮಲೈ ಪಾಂಬು, ಉಡ ಉಡುಂಬು, ಗೋಸುಂಬೆ ಪಚ್ಚೋಂದಿ, ಓತಿ ಓಣಾನ್, ಹಾವುರಾಣಿ ಅರಣೈ. ‘ಅಣ್ಣಾ’, ‘ಅಕ್ಕಾ’ ಎಂದು ಕರೆದು, ಎಲ್ಲಿ, ಯಾವಾಗ ಕಂಡಿರಿ ಎಂದು ಕೇಳಿ. ವಿಷವಿದೆಯೇ ಎಂಬ ಪ್ರಶ್ನೆಯಿಂದ ಮಾತ್ರ ಶುರು ಮಾಡಬೇಡಿ, ಯಾಕೆಂದರೆ ಅದಕ್ಕೆ ಬರುವ ಉತ್ತರ ಸದಾ ಹೌದು. ಅರಣೈ ಕಚ್ಚಿದರೆ ಮರಣ ಎಂಬ ಗಾದೆಯೇ ಆ ಭಾಷೆಯಲ್ಲಿದೆ. ಪಾಪ, ಹಾವುರಾಣಿಗೆ ವಿಷವೇ ಇಲ್ಲ. ಕೊಂಬೆಯಿಂದ ಕೊಂಬೆಗೆ ಹಾರುವ ಕಂಚುಬೆನ್ನಿನ ಕೊಂಬೇರಿ ಮೂಕ್ಕನ್ ಎಂಬ ಹಾವು ತಾನು ಕಚ್ಚಿದವನ ಚಿತೆಯ ಹೊಗೆ ನೋಡಲು ಸುಡುಗಾಡಿನ ಮರ ಹತ್ತಿ ಕೂರುತ್ತದಂತೆ. ಅದರ ಕಡಿತದಿಂದ ಯಾರೂ ಸಾಯುವುದಿಲ್ಲವಾದ್ದರಿಂದ ಆ ಹೊಗೆ ಇದುವರೆಗೂ ಎದ್ದಿಲ್ಲ.

ಈಗ ಹಾವುಗಳು. ತಲೆ ತ್ರಿಕೋನವಿದ್ದರೆ ವಿಷದ್ದು, ದುಂಡಗಿದ್ದರೆ ಅಲ್ಲ ಎಂಬ ಸೂತ್ರವನ್ನು ದಯವಿಟ್ಟು ಇಲ್ಲಿಯೇ ಬಿಟ್ಟುಬಿಡಿ. ನಾಗರಹಾವು, ಕಟ್ಟುಹಾವುಗಳ ತಲೆ ತ್ರಿಕೋನವಲ್ಲ, ಅವು ಕೊಲ್ಲುತ್ತವೆ. ಹೆದರಿದ ಎಷ್ಟೋ ಬಡಪಾಯಿ ಹಾವುಗಳು ದವಡೆ ಅಗಲಿಸಿ ತ್ರಿಕೋನವಾಗಿಬಿಡುತ್ತವೆ. ಒಂದರಂತೆ ಇನ್ನೊಂದು ಕಾಣುವ ಜೋಡಿಗಳನ್ನು ಕಲಿಯುವುದೇ ಸರಿಯಾದ ದಾರಿ.

ಕಟ್ಟುಹಾವು ಮತ್ತು ತೋಳಹಾವು ಮೊದಲ ಜೋಡಿ. ಜೀವಕ್ಕೆ ಸಂಬಂಧಿಸಿದ್ದಾದ್ದರಿಂದ ಇಲ್ಲಿ ನಿಧಾನಿಸುತ್ತೇನೆ. ಎರಡೂ ಇರುಳಿನವು, ಎರಡರ ಮೈಗೂ ಅಡ್ಡಪಟ್ಟೆ, ಎರಡೂ ಮನೆಯ ಸುತ್ತ ಸುಳಿಯುತ್ತವೆ. ಕಟ್ಟುಹಾವಿನ ಮೈ ನೀಲಿ ಮಿಂಚಿನ ಕಪ್ಪು. ಬಿಳಿಯ ತೆಳು ಗೆರೆಗಳು ಹೆಚ್ಚಾಗಿ ಎರಡೆರಡರ ಜೋಡಿಯಾಗಿ ಬರುತ್ತವೆ. ಕತ್ತಿನ ಬಳಿ ಗೆರೆ ಇರುವುದಿಲ್ಲ ಅಥವಾ ಮಾಸಿರುತ್ತದೆ, ಬಾಲದ ಕಡೆ ಹೋದಷ್ಟೂ ಸ್ಪಷ್ಟ. ತೋಳಹಾವಿನದು ಇದಕ್ಕೆ ಉಲ್ಟಾ: ಕಂದು ಮೈ, ಕತ್ತಿನಿಂದಲೇ ಅಗಲ ಪಟ್ಟೆ ಶುರು, ಬಾಲದ ಕಡೆ ಮಾಸುತ್ತಾ ಹೋಗುತ್ತದೆ. ಅನುಮಾನ ಉಳಿದರೆ ಬೆನ್ನಿನ ನಟ್ಟನಡುವಿನ ಹುರುಪೆಯ ಸಾಲು ನೋಡಬೇಕು. ಕಟ್ಟುಹಾವಿನಲ್ಲಿ ಆ ಸಾಲಿನ ಹುರುಪೆಗಳು ಪಕ್ಕದವಕ್ಕಿಂತ ದೊಡ್ಡವು, ಆರು ಮೂಲೆಯವು. ತೋಳಹಾವಿನಲ್ಲಿ ಎಲ್ಲವೂ ಒಂದೇ ಅಳತೆ. ಈ ಗುರುತು ಕಳಚಿದ ಪೊರೆಯಲ್ಲೂ ಉಳಿಯುತ್ತದೆ. ಕಲ್ಲುಕಟ್ಟಡದ ಸಂದಿಯಲ್ಲಿ ಸಿಕ್ಕ ಪೊರೆಯನ್ನು ಬೆಳಕಿಗೆ ಹಿಡಿದು ನಡುಮೈಯ ಸಾಲು ಎಣಿಸಿದರೆ ಕಟ್ಟುಹಾವಿನದು ಸಾಮಾನ್ಯವಾಗಿ 15, ತೋಳಹಾವಿನದು 17. ಜೀವಂತ ಹಾವಿನ ಹತ್ತಿರ ಹೋಗದೆಯೇ ಹುರುಪೆಯ ವಿದ್ಯೆ ಕಲಿಯಲು ಪೊರೆಯಂಥ ಪಠ್ಯಪುಸ್ತಕ ಇನ್ನೊಂದಿಲ್ಲ.

ಕೊಳಕುಮಂಡಲ, ಮರಿ ಹೆಬ್ಬಾವು ಮತ್ತು ಒರಟು ಮೈಯ ಮಣ್ಣುಹಾವು ಮೂರನ್ನೂ ಜನ ಬೆರೆಸುತ್ತಾರೆ. ಕೊಳಕುಮಂಡಲದ ಬೆನ್ನಿನ ಮೇಲೆ ಕಪ್ಪು ಅಂಚಿನ ಮೊಟ್ಟೆಯಾಕಾರದ ಮಚ್ಚೆಗಳ ಮೂರು ಸಾಲು ಸರಪಣಿಯಂತೆ ಸಾಗುತ್ತವೆ. ಕತ್ತು ಸಣ್ಣ, ತಲೆ ಅಗಲ, ಹುರುಪೆ ಒರಟು. ಕುಕ್ಕರಿನ ಸೀಟಿಯಂತೆ ಎಡೆಬಿಡದೆ ಬುಸುಗುಟ್ಟುತ್ತದೆ. ಹೆಬ್ಬಾವಿನ ಮಚ್ಚೆಗಳಿಗೆ ಕ್ರಮವಿಲ್ಲ, ಮೈ ನುಣುಪು, ತಲೆಯ ಮೇಲೆ ಬಾಣದ ಗುರುತು. ಮಣ್ಣುಹಾವಿಗೆ ಕತ್ತೇ ಇಲ್ಲವೆನ್ನಬಹುದು, ಬಾಲ ಮೋಟು. ಗರಗಸ ಮಂಡಲ ಈ ಒಣ ಕಲ್ಲುನೆಲದ ಪುಟ್ಟ ಕೇಡಿಗ. ತೆಂಕಣ ಭಾರತದಲ್ಲಿ ಒಂದೂವರೆ ಅಡಿ ಮೀರುವುದು ಅಪರೂಪ. ಕಲ್ಲಿನಡಿಯಲ್ಲಿ ಸುತ್ತಿಕೊಂಡಿದ್ದು, ಕೆಣಕಿದರೆ ಪಕ್ಕೆಯ ಹುರುಪೆಗಳನ್ನು ಒಂದಕ್ಕೊಂದು ಉಜ್ಜಿ ಸರಸರ ಸದ್ದು ಮಾಡುತ್ತದೆ. ಇಲ್ಲಿ ಕಲ್ಲನ್ನು ಕೈಯಿಂದ ಎತ್ತಬಾರದು ಎನ್ನುವುದು ಇದೊಂದರ ಸಲುವಾಗಿಯೇ.

ಕೇರೆಯನ್ನು ನಾಗರವೆಂದು ಕೊಲ್ಲುವುದು ಎರಡೂ ರಾಜ್ಯಗಳಲ್ಲಿ ನಡೆದೇ ಇದೆ. ಹೆಡೆ ಎತ್ತಿದ ನಾಗರವನ್ನು ಯಾರಾದರೂ ಗುರುತಿಸಿಯಾರು. ಕಷ್ಟವಿರುವುದು ಹೆಡೆ ಮಡಚಿ ಹರಿದು ಹೋಗುವಾಗ. ಕೇರೆಯ ಕಣ್ಣು ದೊಡ್ಡದು, ತುಟಿಯ ಹುರುಪೆಗಳ ನಡುವೆ ಕಪ್ಪು ಗೀಟು, ಕತ್ತು ಹಿಂಡಿದಂತೆ ಸಣ್ಣ, ಮೈಯ ಹಿಂಭಾಗದಲ್ಲಿ ಕಪ್ಪು ಬಲೆ. ನಾಗರದ ತಲೆ ಕತ್ತಿನೊಳಗೆ ಸೇರಿಕೊಂಡಂತಿರುತ್ತದೆ, ಗಂಟಲಡಿಯಲ್ಲಿ ಕಪ್ಪು ಅಡ್ಡಪಟ್ಟಿ. ಏರ್ಕಾಡಿನ ಕೆರೆಯಂಥ ನೀರಿನ ಬಳಿ ಕತ್ತು ಚಪ್ಪಟೆ ಮಾಡಿಕೊಂಡು ಎಗರುವುದು ಬಹುತೇಕ ನೀರೊಳ್ಳೆ. ಕಣ್ಣಿನ ಕೆಳಗಿನ ಎರಡು ಕಪ್ಪು ಗೆರೆಗಳೇ ಅದರ ಚೀಟಿ. ಸಿಡುಕು ಸ್ವಭಾವ, ಕಚ್ಚುತ್ತದೆ ಕೂಡ, ಆದರೆ ವಿಷವಿಲ್ಲ.

ಹಸಿರು ಹಾವುಗಳಲ್ಲಿ ಎರಡು. ಬಯಲಿನಿಂದ ಬೆಟ್ಟದವರೆಗೆ ಪೊದೆಗಳಲ್ಲಿ ಹಗಲು ಹೊತ್ತು ಕಾಣುವ ಬಳ್ಳಿಯಂಥ ಹಸಿರುಹಾವಿನ ಮೂತಿ ಚೂಪು, ಕಣ್ಣ ಪಾಪೆ ಅಡ್ಡಡ್ಡ. ಕಣ್ಣನ್ನೇ ಕುಕ್ಕುತ್ತದೆ ಎಂಬ ಅಪವಾದ ಇದರ ಮೇಲಿದೆ. ಕಾಫಿ ತೋಟದ ತಂಪಿನಲ್ಲಿ ಕೊಂಬೆಯ ಮೇಲೆ ಗಂಟೆಗಟ್ಟಲೆ ಅಲುಗದೆ ಕೂತ, ದಪ್ಪ ಮೈಯ, ಅಗಲ ತಲೆಯ ಹಸಿರು ಹಾವು ಬೇರೆ. ಅದು ಬಿದಿರು ಮಂಡಲ. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಇರುವ ಗುಳಿ ಬೇಟೆಯ ಮೈಬಿಸಿಯನ್ನು ಗ್ರಹಿಸುತ್ತದೆ. ಪಾಪೆ ಲಂಬ. 1820ರ ದಶಕದಲ್ಲಿ ಸೇಲಂ ಕಲೆಕ್ಟರ್ ಕಾಕ್‌ಬರ್ನ್ ಏರ್ಕಾಡಿಗೆ ಕಾಫಿ ತಂದಾಗಿನಿಂದ ಗಿಡದ ಬುಡಕ್ಕೆ ಕೈಹಾಕುವ ಕೂಲಿಯಾಳುಗಳು ಈ ಹಾವಿನ ನೆರೆಯವರು. ತೋಟದಲ್ಲಿ ನಡೆಯುವಾಗ ಕಣ್ಣು ನೆಲಕ್ಕಷ್ಟೇ ಅಲ್ಲ, ಸೊಂಟದೆತ್ತರದ ಕೊಂಬೆಗೂ ಇರಲಿ.

ಏರ್ಕಾಡಿಗೇ ಮೀಸಲಾದ ಹಾವೊಂದಿದೆ. ಬಂದವರಲ್ಲಿ ಹೆಚ್ಚಿನವರು ಅದನ್ನು ನೋಡದೆ ಹಿಂದಿರುಗುತ್ತಾರೆ, ಕೆಲವರು ಎರೆಹುಳವೆಂದು ದಾಟಿ ಹೋಗುತ್ತಾರೆ. 1863ರಲ್ಲಿ ಬೆಡ್ಡೋಮ್ ವರ್ಣಿಸಿದ ಯುರೋಪೆಲ್ಟಿಸ್ ಶಾರ್ಟಿ, ಗುರಾಣಿ ಬಾಲದ ಹಾವುಗಳ ಪೈಕಿಯದು. ಈ ಗುಂಪು ಇರುವುದು ದಕ್ಷಿಣ ಭಾರತದ ಪರ್ಯಾಯದ್ವೀಪದಲ್ಲಿ ಮತ್ತು ಶ್ರೀಲಂಕಾದಲ್ಲಿ ಮಾತ್ರ. ಬೆಡ್ಡೋಮನ ಹೆಸರನ್ನು ನಂತರದವರು ಇನ್ನೊಂದು ಹಾವಿನ ಹೆಸರಿನೊಳಗೆ ಸೇರಿಸಿಬಿಟ್ಟಿದ್ದರು; 2014ರಲ್ಲಿ ಎಸ್.ಆರ್. ಗಣೇಶ್ ಮತ್ತು ಸಂಗಡಿಗರು ಹಳೆಯ ಮಾದರಿಗಳನ್ನು ಮತ್ತೆ ಪರೀಕ್ಷಿಸಿ ಅದಕ್ಕೆ ಸ್ವಂತ ಅಸ್ತಿತ್ವ ಮರಳಿ ಕೊಟ್ಟರು. ಬೆರಳಿನಷ್ಟು ದಪ್ಪ, ನುಣುಪು ಮೈ, ಚೂಪು ತಲೆ, ಓರೆಯಾಗಿ ಕತ್ತರಿಸಿದಂತಿರುವ ಒರಟು ಬಾಲತುದಿಗೆ ಮೆತ್ತಿದ ಮಣ್ಣು. ಬದುಕೆಲ್ಲ ಮಣ್ಣಿನೊಳಗೆ. ಮರಿ ಹಾಕುತ್ತದೆ, ಮೊಟ್ಟೆಯಲ್ಲ. ಜೋರು ಮಳೆಗೆ ಮೇಲೆ ಬಂದು ಟಾರು ರಸ್ತೆ ದಾಟುತ್ತದೆ, ಅಲ್ಲಿ ಟಯರಿಗೆ ಸಿಗುತ್ತದೆ. ಮಳೆಯ ಮಾರನೇ ಬೆಳಗ್ಗೆ ಏರ್ಕಾಡಿನ ಒಳರಸ್ತೆಗಳಲ್ಲಿ ನಡೆದರೆ ಜೀವಂತವಾಗಿ ಕಾಣುವ ಸಾಧ್ಯತೆ ಹೆಚ್ಚು. ಸತ್ತು ಬಿದ್ದದ್ದು ಸಿಕ್ಕರೂ ಬೆನ್ನು, ಹೊಟ್ಟೆ, ಬಾಲದ ಫೋಟೊ, ಜಾಗ, ದಿನಾಂಕ ದಾಖಲಿಸಿ. ರಸ್ತೆಸಾವಿನ ದಾಖಲೆ ಕೂಡ ಬೆಲೆಯುಳ್ಳದ್ದು. ಯಾವುದೆಂದು ಗೊತ್ತಾಗದ ಸತ್ತ ಹಾವನ್ನು ಮಾತ್ರ ಕೈಯಲ್ಲಿ ಎತ್ತಬೇಡಿ; ವಿಷದ ಹಾವಿನ ತಲೆ ಸತ್ತ ಮೇಲೂ ಸ್ವಲ್ಪ ಹೊತ್ತು ಕಚ್ಚಬಲ್ಲದು.

ಫೋಟೊ ತೆಗೆಯುವಾಗ ಮೂರು ಮೀಟರ್ ದೂರ ಇರಲಿ. ತಲೆಯ ಪಕ್ಕನೋಟ, ಮೇಲಿನಿಂದ ಇಡೀ ಮೈ, ಬಾಲ ಈ ಮೂರು ಸಿಕ್ಕರೆ ತಜ್ಞರು ಬಹುಪಾಲು ಹಾವುಗಳನ್ನು ಹೇಳಬಲ್ಲರು. ಒಂದೇ ಕಲಾತ್ಮಕ ಕ್ಲೋಸಪ್ ಯಾರಿಗೂ ಉಪಯೋಗವಿಲ್ಲ. ಕೋಲಿನಿಂದ ತಿವಿದು ಭಂಗಿ ಕೊಡಿಸುವುದು, ಬಾಲ ಹಿಡಿದು ರೀಲ್ ಮಾಡುವುದು ವೀಕ್ಷಣೆಯ ಲೆಕ್ಕಕ್ಕೆ ಬರುವುದಿಲ್ಲ, ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಅಪರಾಧದ ಲೆಕ್ಕಕ್ಕೆ ಬರಬಹುದು. ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿ. ಜತೆಗೆ ರೊಮುಲಸ್ ವಿಟೇಕರ್ ಮತ್ತು ಅಶೋಕ್ ಕ್ಯಾಪ್ಟನ್ ಅವರ 2004ರ ಭಾರತದ ಹಾವುಗಳ ಕೈಪಿಡಿ ಇಟ್ಟುಕೊಳ್ಳಿ. ಅದು ಬಂದ ಮೇಲೆ ಹೆಸರುಗಳು ಸಾಕಷ್ಟು ಬದಲಾಗಿವೆ. ಉದಾಹರಣೆಗೆ, ನಮ್ಮ ಹಸಿರುಹಾವಿಗಿದ್ದ ಅಹೇಟುಲ್ಲಾ ನಸುಟಾ ಎಂಬ ಹೆಸರು 2020ರ ನಂತರ ಶ್ರೀಲಂಕಾದ ಹಾವಿಗೆ ಸೀಮಿತವಾಯಿತು. ಚಿತ್ರ ಮತ್ತು ಹುರುಪೆಯ ವಿವರಗಳಿಗೆ ಆ ಪುಸ್ತಕ ಇಂದಿಗೂ ಚೆನ್ನ.

ಬಯಲಿನ ಕುರುಚಲಿನಲ್ಲಿ ನಕ್ಷತ್ರ ಆಮೆ ಕಂಡರೆ ನೋಡಿ, ಬರೆದುಕೊಳ್ಳಿ, ಜಾಗವನ್ನು ಯಾರಿಗೂ ಹೇಳಬೇಡಿ. ಸಾಕುವ ಹುಚ್ಚಿಗೆ ಕಳ್ಳಸಾಗಣೆಯಾಗುವ ಪ್ರಾಣಿ ಇದು. 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರವನ್ನು ಸೈಟಿಸ್ ಒಪ್ಪಂದ ಪೂರ್ತಿ ಮುಚ್ಚಿತು. ಕರುಣೆಯಿಂದ ಇದನ್ನು ಎತ್ತಿ ಕೆರೆಗೆ, ಬಾವಿಗೆ ಬಿಡುವವರೂ ಇದ್ದಾರೆ. ಇದು ನೆಲದ ಆಮೆ, ಮುಳುಗಿ ಸಾಯುತ್ತದೆ. ‘ಎರಡು ತಲೆ ಹಾವು’ ಮಾರುತ್ತೇವೆ ಎಂದು ಯಾರಾದರೂ ಪಿಸುಗುಟ್ಟಿದರೆ ಅದು ಮೋಟು ಬಾಲದ ಮಣ್ಣುಮುಕ್ಕ. ಅರಣ್ಯ ಇಲಾಖೆಗೆ ಫೋನ್ ಮಾಡಿ.

ಕಡಿತದ ವಿಚಾರ ನೇರವಾಗಿ ಹೇಳುತ್ತೇನೆ. 2000ದಿಂದ 2019ರವರೆಗೆ ಭಾರತದ ಹಾವು ಕಡಿತದ ಸಾವುಗಳನ್ನು ಅಂದಾಜಿಸಿದ ಅಧ್ಯಯನವೊಂದು ವರ್ಷಕ್ಕೆ ಸರಾಸರಿ 58,000 ಎಂದಿತು. ಕರ್ನಾಟಕ ಮತ್ತು ತಮಿಳುನಾಡು ಎರಡೂ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿವೆ. ಕಚ್ಚಿದರೆ ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ, ಬೇರು–ಸೊಪ್ಪಿನ ಔಷಧಿಗೆ ಕಾಯಬೇಡಿ. ಉಂಗುರ, ಗಡಿಯಾರ ಬಿಚ್ಚಿ, ಕೈಕಾಲು ಅಲುಗದಂತೆ ಇರಿಸಿ, 108ಕ್ಕೆ ಕರೆ ಮಾಡಿ. ಸೇಲಂನಲ್ಲಿ ಸರ್ಕಾರಿ ಮೋಹನ್ ಕುಮಾರಮಂಗಲಂ ವೈದ್ಯಕೀಯ ಕಾಲೇಜು ಆಸ್ಪತ್ರೆ, ಧರ್ಮಪುರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇವೆ. ಕಟ್ಟುಹಾವಿನ ಕಡಿತಕ್ಕೆ ನೋವೂ ಇರುವುದಿಲ್ಲ, ಬಾವೂ ಇರುವುದಿಲ್ಲ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಬೆಳಗಿನ ಜಾವ ಹೊಟ್ಟೆನೋವು ಬಂದು ರೆಪ್ಪೆ ಜೋತುಬಿದ್ದರೆ ತಡಮಾಡಬಾರದು. ನಮ್ಮಲ್ಲಿ ದೊರೆಯುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಅದಕ್ಕೆ ಬೇಕಾದ ವಿಷವನ್ನು ಬಹುಕಾಲದಿಂದ ಒದಗಿಸುತ್ತಿರುವುದು ಚೆನ್ನೈ ಬಳಿ 1978ರಲ್ಲಿ ಶುರುವಾದ ಇರುಳ ಹಾವು ಹಿಡಿಯುವವರ ಸಹಕಾರ ಸಂಘ. ಬಿದಿರು ಮಂಡಲದ ವಿಷಕ್ಕೆ ಈ ಮದ್ದು ನಾಟುವುದಿಲ್ಲ, ಹಾಗೆಂದು ಆಸ್ಪತ್ರೆ ತಪ್ಪಿಸುವಂತಿಲ್ಲ. ಹಾವನ್ನು ಕೊಂದು ಚೀಲದಲ್ಲಿ ತೆಗೆದುಕೊಂಡು ಹೋಗಬೇಡಿ. ದೂರದಿಂದ ತೆಗೆದ ಒಂದು ಫೋಟೊ ವೈದ್ಯರಿಗೆ ಸಾಕು.

ಮೀಸಲು ಅರಣ್ಯದೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ಪೆನ್ನಾಗರಂ–ಹೊಗೆನಕಲ್, ಅಂಚೆಟ್ಟಿ–ಹೊಗೆನಕಲ್ ರಸ್ತೆಗಳಲ್ಲಿ ಹಾವಿಗಿಂತ ಆನೆಗೆ ಹೆಚ್ಚು ಹೆದರಬೇಕು. ವಾಹನ ಬಿಟ್ಟು ಪೊದೆಯತ್ತ ನಡೆಯುವ ಮುನ್ನ ಲದ್ದಿ, ಮುರಿದ ಕೊಂಬೆ ಹಸಿಯಾಗಿದೆಯೇ ನೋಡಿ. ತಮಿಳುನಾಡು ಇಲ್ಲಿ 2022ರ ನವೆಂಬರ್‌ನಲ್ಲಿ ಸುಮಾರು 686 ಚದರ ಕಿಲೋಮೀಟರಿನ ಕಾವೇರಿ ದಕ್ಷಿಣ ವನ್ಯಜೀವಿಧಾಮವನ್ನು ಘೋಷಿಸಿದೆ. ಹೊಳೆಯಾಚೆ ನಮ್ಮ ಕಾವೇರಿ ವನ್ಯಧಾಮ, ಮಲೆ ಮಹದೇಶ್ವರ ಬೆಟ್ಟ, ಗೋಪಿನಾಥಂ. ಮೊಸಳೆಗೆ ಈ ಗಡಿ ಗೊತ್ತಿಲ್ಲ.

ಹೊಗೆನಕಲ್ಲಿನ ಮೊಸಳೆ ನೋಡಲು ಇಲಾಖೆಯ ಮೊಸಳೆ ಪುನರ್ವಸತಿ ಕೇಂದ್ರದಿಂದ ಶುರು ಮಾಡುವುದು ಜಾಣತನ. ಬೇಲಿಯಾಚೆ ಹತ್ತಿರದಿಂದ ಅಗಲ ಮೂತಿ, ಕತ್ತಿನ ಮೇಲಿನ ಎದ್ದ ಗಟ್ಟಿ ಹುರುಪೆಗಳನ್ನು ಕಣ್ಣಿಗೆ ರೂಢಿ ಮಾಡಿಕೊಂಡರೆ ಆಮೇಲೆ ಹೊಳೆಯಲ್ಲಿ ತೇಲುವ ಎರಡು ಉಬ್ಬು, ಅಂದರೆ ಮೂಗು ಮತ್ತು ಕಣ್ಣು, ಥಟ್ಟನೆ ಸಿಗುತ್ತವೆ. ಚಳಿಗಾಲದ ಬೆಳಗ್ಗೆ ಒಂಬತ್ತರ ನಂತರ ಅವು ಬಂಡೆ, ಮರಳದಿಬ್ಬಗಳ ಮೇಲೆ ಬಾಯಿ ತೆರೆದು ಬಿಸಿಲು ಕಾಯಿಸುತ್ತವೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ದಡದ ಮರಳಲ್ಲಿ ಗೂಡು ತೋಡಿ ಮೊಟ್ಟೆಯಿಡುತ್ತವೆ, ತಾಯಿ ಹತ್ತಿರದಲ್ಲೇ ಕಾವಲಿರುತ್ತದೆ. ಆ ತಿಂಗಳುಗಳಲ್ಲಿ ಜನವಿಲ್ಲದ ಮರಳದಂಡೆಗೆ ಇಳಿಯಬಾರದು. ಎಣ್ಣೆ ಮಾಲೀಸು ಮಾಡಿಸಿಕೊಂಡು ಮೀನು ಹುರಿಯುವ ಅಂಗಡಿಗಳ ಸಾಲಿನಿಂದ ದೂರದ ಮಡುವಿಗೆ ಸ್ನಾನಕ್ಕೆ ಹೋಗುವ ಹುಡುಗರಿಗೂ ಇದನ್ನು ಯಾರಾದರೂ ಹೇಳಬೇಕು.

ಹೊಳೆಯಲ್ಲಿ ಇನ್ನೊಂದು ಜೀವವಿದೆ, ಅದಕ್ಕೆ ಮೊಸಳೆಯಷ್ಟು ಹೆಸರಿಲ್ಲ. ಲೀತ್‌ನ ಮೆದುಚಿಪ್ಪಿನ ಆಮೆ, ಅಳಿವಿನ ಅಂಚಿನಲ್ಲಿರುವುದರಿಂದ 2021ರಲ್ಲಿ ಐಯುಸಿಎನ್ ಪಟ್ಟಿಯ ಅತಿ ಗಂಭೀರ ವರ್ಗಕ್ಕೆ ಸೇರಿದ್ದು. ತೊಗಲಿನಂಥ ಚಪ್ಪಟೆ ಚಿಪ್ಪು, ನಳಿಕೆಯಂಥ ಮೂತಿ. ಮರಿಯ ಬೆನ್ನಿನ ಮೇಲೆ ಕಣ್ಣಿನಂಥ ಮಚ್ಚೆಗಳು. ಕೆರೆ, ಗದ್ದೆಗಳಲ್ಲಿ ಸಿಗುವ ಸಾಮಾನ್ಯ ಮೆದುಚಿಪ್ಪಿನ ಆಮೆ ಇದಕ್ಕಿಂತ ಸಣ್ಣದು, ಉಬ್ಬು ಬೆನ್ನಿನದು. ಹಿಂಗಾಲು ಒಳಗೆಳೆದುಕೊಂಡಾಗ ಮುಚ್ಚಿಕೊಳ್ಳಲು ಹೊಟ್ಟೆಯ ಕಡೆ ಮಡಿಕೆಗಳಿರುತ್ತವೆ. ಲೀತ್‌ನದಕ್ಕೆ ಅಂಥ ಮಡಿಕೆ ಇಲ್ಲ. ದೂರದಿಂದ ಕಾಣುವುದು ನೀರಿನ ಮೇಲೆ ಒಂದು ಕ್ಷಣ ಎದ್ದ ಮೂತಿ ಮಾತ್ರ, ಅದಕ್ಕೇ ಒಂದು ಮಡುವಿನ ಎದುರು ಅರ್ಧ ಗಂಟೆಯಾದರೂ ಕೂರಬೇಕು. ಹರಿಗೋಲಿನವರಿಗೆ ಯಾವ ಮಡುವಿನಲ್ಲಿ ಏನಿದೆ ಎಂಬುದು ಗೊತ್ತಿರುತ್ತದೆ. ಜಲಪಾತದ ಸುತ್ತು ಹೊಡೆಸಿ ಸಾಕೆನ್ನದೆ, ಬೆಳಗಿನ ಮೊದಲ ಹರಿಗೋಲು ಹಿಡಿದು ನಿಧಾನ ಹೋಗೋಣ ಎಂದು ಮೊದಲೇ ಮಾತಾಡಿಕೊಳ್ಳಿ. ಕರ್ನಾಟಕದ ಅಣೆಕಟ್ಟುಗಳಿಂದ ನೀರು ಬಿಟ್ಟು ಹರಿವು ಏರಿದಾಗ ಜಿಲ್ಲಾಡಳಿತ ಹರಿಗೋಲು ನಿಲ್ಲಿಸುತ್ತದೆ. ಜುಲೈ–ಆಗಸ್ಟ್‌ನಲ್ಲಿ ಹೊರಡುವವರು ಹಿಂದಿನ ದಿನವೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಹರಿಗೋಲು ಇಲ್ಲದ ದಿನ ಪೆನ್ನಾಗರಂ ರಸ್ತೆಯ ಬಂಡೆಗಳ ಬಳಿ ಇಳಿದುಕೊಳ್ಳಿ. ಆ ತಿಂಗಳುಗಳಲ್ಲಿ ಗಂಡು ಓತಿಗಳ ಬಣ್ಣ ಇನ್ನೂ ಇಳಿದಿರುವುದಿಲ್ಲ.